ಹೊಲಿಗೆ ಕೋಣೆಗೆ ಹಸಿ ಬಿದಿರು

ಸಂಜುಕುಮಾರ ಎತ್ತರದ ಸ್ಟೂಲಿನ ಮೇಲೆ ನಿಂತು ಪ್ಲಾಸ್ಟಿಕ್ ಗಿಳಿಯನ್ನು ಮತ್ತೊಮ್ಮೆ ತಿರುಗಿಸಿ ಕೂರಿಸಿದ. ಬಾಗಿಲಿಗೆ ಮುಖ ಮಾಡಿದರೆ ಅದು ಬಂದವರನ್ನು ಜಬರಿಸುವಂತೆ ಕಾಣುತ್ತಿತ್ತು, ಗೋಡೆಗೆ ಮುಖ ಮಾಡಿದರೆ ಮನೆಯವರ ಮೇಲೆ ಮುನಿಸಿಕೊಂಡಂತೆ. ಕಡೆಗೆ ಅರ್ಧ ಅತ್ತ, ಅರ್ಧ ಇತ್ತ ಮಾಡಿ ಬಿಟ್ಟ. ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿ ಅವನೂ ಇಷ್ಟು ವರ್ಷ ಹಾಗೇ ಕೂತು ಸಂಬಳ ತೆಗೆದುಕೊಂಡವನು, ಗಿಳಿಗೂ ರೂಢಿಯಾದೀತು. ಮಾಳಿಗೆಯ ಮೇಲಿನ ಈ ಕೋಣೆ ಶಹಾಪುರದ ಏಪ್ರಿಲ್ ಬಿಸಿಲಿಗೆ ರೊಟ್ಟಿ ಹಂಚಿನಂತೆ ಕಾದಿತ್ತು. ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯುತ್ತಿತ್ತು. ಮೊಬೈಲಿನ ವಿಡಿಯೋದಲ್ಲಿ ಯಾವುದೋ ಹಿಮ ಬೀಳುವ ಊರಿನ ಗಡ್ಡದವನು ಹೇಳಿದ್ದ, ಮನೆಯ ಬಾರಿಗೆ ಟ್ರಾಪಿಕಲ್ ಕಳೆ ಬರಬೇಕಾದರೆ ಬಿದಿರು ಬೇಕು, ನೇಯ್ದ ಚಾಪೆ ಬೇಕು, ಒಳಗೆ ಕಾಲಿಟ್ಟ ಕೂಡಲೇ ಬಿಸಿಲ ದೇಶಕ್ಕೆ ಬಂದಂತೆ ಅನ್ನಿಸಬೇಕು ಎಂದು. ಅನ್ನಿಸುತ್ತಿತ್ತು. ಅಷ್ಟರಮಟ್ಟಿಗೆ ಸಂಜುಕುಮಾರನ ಕೆಲಸ ಗಡ್ಡದವನಿಗಿಂತ ಚೊಕ್ಕವಾಗಿಯೇ ಆಗಿತ್ತು. ರಸ್ತೆಯ ಕಡೆ ಗೋಡೆ ಇರಲಿಲ್ಲ, ಅಲ್ಲಿ ಉದ್ದಕ್ಕೂ ಚಾಪೆ ಬಿಗಿದಿದ್ದ. ಚಾವಣಿಗೂ ಚಾಪೆ. ಬಣ್ಣದ ಬಲ್ಬುಗಳ ಸರ, ಎರಡು ಸುಳ್ಳು ತೆಂಗಿನಕಾಯಿ, ಹಲಗೆಯ ಕಟ್ಟೆ. ಕಟ್ಟೆಯ ಎರಡು ಕೊನೆಗೆ ನಿಲ್ಲಿಸುವ ಹಸಿರು ಬಿದಿರಿನ ಗಳಗಳಷ್ಟೇ ಬಾಕಿ. ಅವು ಸುರಪುರದಿಂದ ಟಂಟಂ ಗಾಡಿಯಲ್ಲಿ ಬರುತ್ತಿದ್ದವು. ಸಂಜೆಗೆ ರಾಯ್ ಸಾಹೇಬ ಬರುವವನಿದ್ದ.

ರಾಯ್ ಸಾಹೇಬ ಅಂದರೆ ಮತ್ತಾರೂ ಅಲ್ಲ, ಷಡ್ಡಕ. ಹೆಂಡತಿ ಸುಕನ್ಯಾಳ ಅಕ್ಕನ ಗಂಡ ಮಾಳಿಂಗರಾಯ. ಹುಟ್ಟಿದ್ದು ಸಂಜುಕುಮಾರನ ಹಾಗೆ ಕುರಿ ಹಟ್ಟಿಯಲ್ಲೇ. ಕಲಬುರಗಿಯಲ್ಲಿ ರಸ್ತೆ ಗುತ್ತಿಗೆ ಹಿಡಿದ ಮೇಲೆ ಹೆಸರಿನ ಮುಂದಿನ ಮಾಳಿಂಗ ಎಲ್ಲೋ ಡಾಂಬರಿನಡಿ ಹೂತುಹೋಗಿ ಬರೀ ರಾಯ್ ಉಳಿದಿದ್ದ. ಅವನ ಮನೆಯ ಬಾರಿನಲ್ಲಿ ಸಂಜುಕುಮಾರ ಎತ್ತರದ ಸ್ಟೂಲಿನ ಮೇಲೆ ಕೂತಾಗ ಕಾಲು ಕೆಳಗಿನ ಸರಳಿಗೆ ಮುಟ್ಟಲಿಲ್ಲ. ಒಂದು ಕಾಲಾದರೂ ಮುಟ್ಟಲಿ ಎಂದು ಜರುಗಿದಾಗ ಚಪ್ಪಲಿ ಕಳಚಿ ಬಿತ್ತು. "ಸಂಜು ಅವ್ರಿಗೆ ಗುಡ್ಡದ ಬಂಡೆ ಮ್ಯಾಲ ಕುಂತು ರೂಢಿ. ಕೆಳಗ ಕುರಿ ಕಾಣ್ಲಿಲ್ಲಂದ್ರ ಜೀವ ನಿಲ್ಲಂಗಿಲ್ಲ" ಎಂದು ರಾಯ್ ಸಾಹೇಬ ನಾಲ್ಕು ಜನ ಇಂಜಿನಿಯರುಗಳ ಮುಂದೆ ಅಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಸಂಜುಕುಮಾರನೇ ನಕ್ಕ, ಮಾತು ತನ್ನ ಬಗ್ಗೆ ಅಲ್ಲವೇನೋ ಎಂಬಂತೆ. ಸುಕನ್ಯಾ ಬಾಗಿಲಲ್ಲಿ ನಿಂತು ಸ್ವಲ್ಪ ನಕ್ಕಳು. ಆ ಇಂಜಿನಿಯರುಗಳ ಮುಖ ಈಗ ಒಂದೂ ನೆನಪಿಲ್ಲ, ಹೆಂಡತಿಯ ಆ ಸ್ವಲ್ಪ ನಗು ಮಾತ್ರ ಊಟದ ಹೊತ್ತಿಗೆ, ಸಹಿ ಹಾಕುವ ಹೊತ್ತಿಗೆ, ಹಲ್ಲುಜ್ಜುವ ಹೊತ್ತಿಗೆ ತಪ್ಪದೆ ಬರುತ್ತಿತ್ತು. 'ನೀವೂ ಅದೇ ಹಟ್ಟಿಯವರಲ್ಲೇನ್ರಿ?' ಎಂಬ ಖಾರವಾದ ಉತ್ತರ ಹೊಳೆದದ್ದು ವಾಪಸು ಬರುವಾಗ ಬಸ್ಸಿನಲ್ಲಿ, ಜೇವರ್ಗಿ ದಾಟಿದ ಮೇಲೆ. ಅವನಿಗೆ ಉತ್ತರಗಳು ಯಾವಾಗಲೂ ಬಸ್ಸಿನಲ್ಲೇ ಹೊಳೆಯುತ್ತಿದ್ದವು. ಹೇಳಲಾಗದ ಉತ್ತರವನ್ನು ಕಟ್ಟಿಯೇ ತೋರಿಸುತ್ತೇನೆಂದು ಆವತ್ತೇ ನಿರ್ಧಾರ ಮಾಡಿದ. ಮನುಷ್ಯ ಹಟಕ್ಕೆ ಬಿದ್ದು ಬಾವಿ ತೋಡಿಸಿದ್ದಾನೆ, ಗುಡಿ ಕಟ್ಟಿಸಿದ್ದಾನೆ. ಇವನು ಚಾಪೆ ಹೊಡೆಸಿದ.

ತೊಡಕು ಇದ್ದದ್ದು ಕೆಳಗೆ, ಹಿಂದಿನ ಕೋಣೆಯಲ್ಲಿ. ಅಲ್ಲಿ ಅಪ್ಪ ಹುಲಗಪ್ಪ ಕಂಬಳಿ ಹಾಸಿಕೊಂಡು ಮಲಗಿದ್ದ. ಅವ್ವ ತೀರಿಕೊಂಡ ಮೇಲೆ ಕುರಿ ಮಾರಿ ಇಲ್ಲಿಗೆ ಬಂದವನು, ಬಂದ ದಿನವೇ ಹೊಸ್ತಿಲ ಹೊರಗೆ ನಿಂತು ಕರಾರು ಹಾಕಿದ್ದ. "ಹೊರಗ ಏನರ ಕುಡಿ, ನಾ ಕೇಳಂಗಿಲ್ಲ. ಈ ಹೊಸ್ತಲಾ ದಾಟಿ ಶೀಸೆ ಒಳಗ ಬಂತು, ಆವತ್ತss ನಾ ಕೊಂಕಲ್‌ಗೆ, ರೇಣವ್ವನ ಮನಿಗೆ." ರೇಣವ್ವ ಅಂದರೆ ಸಂಜುಕುಮಾರನ ಅಕ್ಕ ರೇಣಮ್ಮ, ಕೊಂಕಲ್‌ನಲ್ಲಿ ಇನ್ನೂ ಕುರಿ ಸಾಕಿಕೊಂಡು, ವಾರಕ್ಕೊಮ್ಮೆ ಫೋನು ಮಾಡಿ, ಅಪ್ಪನನ್ನು ಕಳಿಸು ಎಂದು ಜಗಳ ತೆಗೆಯುವವಳು. ಹುಲಗಪ್ಪ ಒಂದು ಕಾಲಕ್ಕೆ ಗಡಿಗೆಗಟ್ಟಲೆ ಸಿಂದಿ ಕುಡಿದವನೇ. ಮಗನನ್ನು ಹಾಸ್ಟೆಲಿಗೆ ಹಾಕಿದ ವರ್ಷ ಕೊಡೇಕಲ್‌ಗೆ ನಡೆದುಹೋಗಿ ಗುಡಿಯ ಮುಂದೆ ಕುಡಿತ ಬಿಟ್ಟುಬಂದ, ಮತ್ತೆ ಮುಟ್ಟಲಿಲ್ಲ. ಅಪ್ಪ ಹೋಗಿಬಿಟ್ಟರೆ ಎಂಬುದು ಸಂಜುಕುಮಾರನಿಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ಸಂಗತಿಯಾಗಿತ್ತು. ಮಂದಿ ಏನಂದಾರು ಎಂಬ ಹೆದರಿಕೆ ಒಂದಿತ್ತು, ಅದನ್ನು ಅವನು ಒಪ್ಪಿಕೊಳ್ಳುತ್ತಿದ್ದ. ಇನ್ನೊಂದು ಯಾರ ಮುಂದೆಯೂ ಹೇಳುವಂಥದಲ್ಲ: ನಸುಕಿನಲ್ಲಿ ಹಿಂದಿನ ಕೋಣೆಯಿಂದ ಅಪ್ಪನ ಕೆಮ್ಮು ಕೇಳಿದರೆ ಮಾತ್ರ ಅವನಿಗೆ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹತ್ತುತ್ತಿತ್ತು. ನಲವತ್ತು ದಾಟಿದ ಗಂಡಸು, ಮೀಸೆಗೆ ಬಣ್ಣ ಹಚ್ಚುವವನು, ಅಪ್ಪನ ಕೆಮ್ಮು ಕೇಳಿ ಧೈರ್ಯ ತಂದುಕೊಳ್ಳುತ್ತಿದ್ದ. ಹೀಗೆ ಅಪ್ಪನೂ ಬೇಕು, ಬಾರೂ ಬೇಕು ಎಂದಾಗ ಸುಕನ್ಯಾಳೇ ದಾರಿ ಕಂಡುಹಿಡಿದಳು. ಮೇಲೆ ಕಟ್ಟುತ್ತಿರುವುದು ಹೊಲಿಗೆ ಕೋಣೆ ಎಂದಳು. "ಹೊಲಿಗಿ ಯಾವಾಗ ಕಲತಿ ಯವ್ವಾ?" ಎಂದು ಹುಲಗಪ್ಪ ಕೇಳಿದ. "ಕಲಿಯಾಕತ್ತೇನ್ರಿ ಮಾವ" ಎಂದಳು. ಮನೆಯಲ್ಲಿ ಹೊಲಿಗೆ ಯಂತ್ರವಿರಲಿ, ನೆಟ್ಟಗಿನ ಒಂದು ಸೂಜಿಯೂ ಇರಲಿಲ್ಲ. ಮುದುಕ ಮೊಣಕಾಲು ನೋವಿನವನು, ಮೆಟ್ಟಿಲು ಹತ್ತಲಾರ ಎಂಬ ಭರವಸೆಯ ಮೇಲೆ ಇಡೀ ಕೋಣೆ ನಿಂತಿತ್ತು.

ಕಟ್ಟೆಯ ಹಲಗೆಗೆ ಮೊಳೆ ಬಡಿಯುತ್ತ ಸಂಜುಕುಮಾರ ಮುಂಜಾನೆ ಸುರಪುರಕ್ಕೆ ಹೋಗಿಬಂದ ನೆನಪನ್ನು ಚಪ್ಪರಿಸಿದ. ಚಾಪೆಗಳೇನೋ ಕಲಬುರಗಿಯ ಅಂಗಡಿಯಿಂದ ಬಂದಿದ್ದವು, ಬಿದಿರು ಅಲ್ಲಿರಲಿಲ್ಲ. ಬೈಕ್ ಹತ್ತಿ ಸುರಪುರಕ್ಕೆ ಹೋಗಿ, ರಸ್ತೆ ಬದಿಗೆ ಬುಟ್ಟಿ, ಮೊರ ಹೆಣೆದು ಮಾರುವ ಹಣಮಂತಮ್ಮನ ಮುಂದೆ ನಿಂತಿದ್ದ. ಆಕೆ ಒಣಗಿದ ಗಳ ತೋರಿಸಿದಳು. ಬೇಡ, ಹಸಿಯವೇ ಬೇಕು ಅಂದ, ಗಡ್ಡದವನ ಬಾರಿನಲ್ಲಿ ಹಸಿರಿದ್ದವು. ಉದ್ದನ್ನವು ಎರಡು ಸಾಕು, ಇವತ್ತೇ ಬೇಕು, ಮಧ್ಯಾಹ್ನದೊಳಗೆ ಶಹಾಪುರದ ಮನೆಗೆ ಮುಟ್ಟಬೇಕು ಅಂದ. ಆಕೆ ಒಂದು ಗಳಿಗೆ ಅವನ ಮುಖ ನೋಡಿ ಬೆಲೆ ಹೇಳಿದಳು. ಅಪ್ಪನಾಗಿದ್ದರೆ ಅಲ್ಲೇ ಕೂತು, ಬೀಡಿ ಹಚ್ಚಿ, ಬಿದಿರಿನ ಜಾತಿ ಕುಲವೆಲ್ಲ ತೆಗೆದು ಬೆಲೆ ಇಳಿಸುತ್ತಿದ್ದ. ಆ ಚೌಕಾಸಿ ನೋಡಿ ನೋಡಿಯೇ ಸಂಜುಕುಮಾರ ಸಣ್ಣವನಿದ್ದಾಗ ಸಂತೆಯಲ್ಲಿ ದೂರ ಸರಿದು ನಿಲ್ಲುತ್ತಿದ್ದುದು. ರಾಯ್ ಸಾಹೇಬ ಎಲ್ಲಿಯೂ ಚೌಕಾಸಿ ಮಾಡುವುದಿಲ್ಲ. ಸಂಜುಕುಮಾರನೂ ಮಾಡಲಿಲ್ಲ. ಕೇಳಿದ್ದಷ್ಟನ್ನು ಕೊಟ್ಟು, ಚಿಲ್ಲರೆ ಇರಲಿ ಎಂಬಂತೆ ಕೈ ಮಾಡಿದ. ಹಣಮಂತಮ್ಮ ತಟ್ಟನೆ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದನಿ ಇಳಿಸಿ, "ನೀವು ಮನಿಗೆ ನಡೀರಿ ಯಪ್ಪಾ, ನಾ ಬಿರಬಿರ ಕಳಿಸ್ತೀನಿ" ಅಂದಳು. ಮತ್ತೆ ಬನ್ನಿ ಎಂದು ಕೂಡ ಅನ್ನಲಿಲ್ಲ, ಕೈ ಮುಗಿದಳು. ಚೌಕಾಸಿ ಬಿಟ್ಟ ಮನುಷ್ಯನಿಗೆ ಜನ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ಸಂಜುಕುಮಾರ ಬೈಕಿನ ಮೇಲೆ ಊರಿನ ತನಕ ಎದೆ ಉಬ್ಬಿಸಿಕೊಂಡು ಬಂದಿದ್ದ.

ಕೆಳಗೆ ಟಂಟಂ ಬಂದು ನಿಂತ ಸದ್ದಾಯಿತು. ಬಿದಿರು ಇಳಿಸಿದ ಸದ್ದೂ ಆಯಿತು. ಇಳಿಯೋಣವೆಂದುಕೊಂಡ, ಒಂದು ಮೊಳೆ ಅರ್ಧ ಹೋಗಿ ಡೊಂಕಾಗಿತ್ತು, ಅದನ್ನು ಮುಗಿಸಿಯೇ ಹೋಗೋಣವೆಂದು ಬಡಿಯುತ್ತ ಉಳಿದ. ಸುಕನ್ಯಾ ಅಡುಗೆಮನೆಯಲ್ಲಿ ರಾಯ್ ಸಾಹೇಬನ ಶೇಂಗಾಕ್ಕೆ ಖಾರ ರುಬ್ಬುತ್ತಿದ್ದಳು. ಮಿಕ್ಸರಿನ ಗದ್ದಲದಲ್ಲಿ ಅವಳಿಗೆ ಲೋಕವೇ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಮಾತುಗಳು ಕೂಡಿಕೊಂಡವು. ಚಾಪೆಯ ಹೆಣಿಗೆಯ ಸಂದಿನಿಂದ ಸಂಜುಕುಮಾರ ನೋಡಿದ. ಗೇಟಿನ ಮುಂದೆ ಹಸಿ ಗಳಗಳು ಜೋಡಿಯಾಗಿ ಮಲಗಿದ್ದವು. ಸುತ್ತ ಏಳೆಂಟು ಜನ. ಎದುರು ಮನೆಯ ಜಹೀರುನ್ನೀಸಾ ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಮುದುಕ ಹೋದನಂತ" ಎಂದಿತು ಒಂದು ಗಂಡು ದನಿ.

"ನಿನ್ನಿ ಸಂಜಿಕ ಕಟ್ಟಿ ಮ್ಯಾಲ ಕುಂತಿದ್ನಲ್ಲೊ."

"ಕುಂತಾವ್ರು ಹೋಗಬಾರದೇನು?"

ಟಂಟಂನವನು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ. "ಹಸೀವು ಎರಡು ಅಂದ್ರಂತ, ಈಗಿಂದೀಗ ಬೇಕಂದ್ರಂತ, ಭಾವ ಸೈತ ಮಾಡಲಿಲ್ಲಂತ. ಚಟ್ಟದ ಬಿದರಿಗೆ ಯಾರು ಭಾವ ಮಾಡ್ತಾರ್ರೀ? ದಾರ್ಯಾಗ ಹಾಡು ಹಚ್ಚಬ್ಯಾಡ ಅಂತ ಹಣಮಂತಮ್ಮ ನನಗ ಬೈದು ಕಳಿಸ್ಯಾಳ."

"ಕಾಕಾ ಭಾಳ ಚಲೋ ಇದ್ರು" ಎಂದಳು ಜಹೀರುನ್ನೀಸಾ. "ಮಗ ಎಲ್ಲಿ? ಮ್ಯಾಲ ಏನೋ ಬಡ್ಯಾಕತ್ತಾನಲ್ಲ."

"ಇಂಥಾ ಹೊತ್ತಿನ್ಯಾಗ? ತಂದಿ ಹೆಣ ಇಟ್ಕೊಂಡು?"

ಸಂಜುಕುಮಾರನ ಕೈಯಲ್ಲಿ ಸುತ್ತಿಗೆ ನಿಂತಿತು. ಸದ್ದು ನಿಂತದ್ದಕ್ಕೆ ಕೆಳಗೆ ಇನ್ನೊಬ್ಬರು, "ಈಗ ಅಳಾಕತ್ತಾನ, ಪಾಪ" ಅಂದರು.

ಅವನು ಅಳುತ್ತಿರಲಿಲ್ಲ. ಏನು ಮಾಡುತ್ತಿದ್ದನೆಂಬುದು ಅವನಿಗೇ ತಿಳಿಯಲು ಒಂದಿಷ್ಟು ಹೊತ್ತು ಬೇಕಾಯಿತು. ಜನ ಇಷ್ಟು ಖಾತ್ರಿಯಾಗಿ ಮಾತಾಡುತ್ತಿದ್ದರಲ್ಲ, ಅವನೂ ನಂಬಿಬಿಟ್ಟಿದ್ದ. ತಾನು ಮೇಲೆ ಗಿಳಿಯನ್ನು ಅತ್ತಿತ್ತ ತಿರುಗಿಸುತ್ತಿದ್ದಾಗ ಕೆಳಗೆ ಹಿಂದಿನ ಕೋಣೆಯಲ್ಲಿ ಅಪ್ಪ ಹೋಗಿಬಿಟ್ಟಿದ್ದಾನೆ, ಬೀದಿಗೆಲ್ಲ ಗೊತ್ತಾಗಿದೆ, ಮಗನಿಗೆ ಮಾತ್ರ ಗೊತ್ತಾಗಿಲ್ಲ. ನಸುಕಿನಲ್ಲಿ ಕೆಮ್ಮು ಕೇಳಿತ್ತೇ? ಕೇಳಿತ್ತು. ಕೇಳಿತ್ತೇ? ಹಾಸ್ಟೆಲಿಗೆ ಬಿಡಲು ಬಂದ ದಿನ ಅಪ್ಪ ಗೇಟಿನಲ್ಲಿ ನಿಂತು ಕೆಮ್ಮಿದ್ದ, ಇವನು ಹಿಂದಿರುಗಿ ನೋಡದೆ ಒಳಗೆ ಹೋಗಿದ್ದ, ಕಂಬಳಿ ಹೊದ್ದ ಮನುಷ್ಯ ಯಾರೆಂದು ಹುಡುಗರು ಕೇಳಿಯಾರು ಎಂದು. ಆದರೆ ಇದೆಲ್ಲ ನೆನಪಾಗುವುದಕ್ಕೂ ಮೊದಲು, ಹೌದು, ಅದಕ್ಕೂ ಮೊದಲು, ಅವನ ತಲೆಯೊಳಗೆ ಸ್ಪಷ್ಟವಾದ ಒಂದು ಮಾತು ಬಂದುಹೋಗಿತ್ತು: ರಾಯ್ ಸಾಹೇಬನಿಗೆ ಫೋನು ಮಾಡಿ ಇವತ್ತು ಬೇಡ ಅನ್ನಬೇಕು. ಅದರ ಬೆನ್ನಿಗೇ ಇನ್ನೊಂದು: ಇನ್ನು ಹೊಲಿಗೆ ಕೋಣೆ ಅನ್ನುವ ಹಾಗಿಲ್ಲ, ಬಾರ್ ಅಂತ ಬೋರ್ಡು ಹಾಕಿದರೂ ಕೇಳುವವರಿಲ್ಲ. ಅಪ್ಪ ಸತ್ತ ಸುದ್ದಿ ಕಿವಿಗೆ ಬಿದ್ದಾಗ ಹುಟ್ಟಿದ ಮೊದಲ ಎರಡು ವಿಚಾರ ಇವು. ಆಮೇಲೆ ದುಃಖ ಬಂತು, ಬರದೆ ಎಲ್ಲಿ ಹೋದೀತು, ಸಾಲಿನಲ್ಲಿ ನಿಂತು ತನ್ನ ಪಾಳಿಗೆ ಬಂತು. ಸಂಜುಕುಮಾರನಿಗೆ ತನ್ನ ಬಗ್ಗೆ ಅಂಥ ದೊಡ್ಡ ಅಭಿಪ್ರಾಯವೇನೂ ಎಂದೂ ಇರಲಿಲ್ಲ, ಆದರೂ ಇಷ್ಟು ಅಗ್ಗದವನೆಂದು ಅವನು ತಿಳಿದಿರಲಿಲ್ಲ. ಗಿಳಿ ಅರ್ಧ ಅತ್ತ, ಅರ್ಧ ಇತ್ತ ನೋಡುತ್ತಿತ್ತು. ಅವನು ಸುತ್ತಿಗೆಯನ್ನು ಹಿಡಿದುಕೊಂಡೇ ಮೆಟ್ಟಿಲ ಕಡೆ ಓಡಿದ.

ಮೆಟ್ಟಿಲ ತಿರುವಿಗೆ ಬಂದಾಗ ಅಪ್ಪ ಕಂಡ. ಹುಲಗಪ್ಪ ಧೋತರದ ಚುಂಗು ಸಿಕ್ಕಿಸಿಕೊಳ್ಳುತ್ತ, ನಿದ್ದೆಗಣ್ಣಿನಲ್ಲಿ ಬಾಗಿಲಿಗೆ ಬಂದು ನಿಂತಿದ್ದ. ಬೀದಿಯ ಜನ ಎರಡು ಹೆಜ್ಜೆ ಹಿಂದೆ ಸರಿದರು. ಸತ್ತವನು ಎದ್ದು ಬಂದನಲ್ಲ ಎಂಬ ಸಂತೋಷಕ್ಕಿಂತ, ರಜೆಯ ದಿನದ ಮನೆಗೆಲಸ ಬಿಟ್ಟು ಬಂದದ್ದು ದಂಡವಾಯಿತಲ್ಲ ಎಂಬ ಬೇಸರವೇ ಕೆಲವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಸಂಜುಕುಮಾರನ ಕಚೇರಿಯ ಅಂಬ್ರಪ್ಪ ಆಗಲೇ ಚೆಂಡು ಹೂವಿನ ಹಾರ ಹಿಡಿದು ಬೈಕಿನಿಂದ ಇಳಿಯುತ್ತಿದ್ದ. ಇಳಿದವನು ಹಾರವನ್ನು ಬೆನ್ನ ಹಿಂದೆ ಸರಿಸಿದ. ಸುದ್ದಿ ಕೇಳಿ ಬಂದ ಶಾಮಿಯಾನದವನು ಕುರ್ಚಿ ಎಷ್ಟು ಬೇಕೆಂದು ಕೇಳಲು ಬಾಯಿ ತೆರೆದಿದ್ದ, ತೆರೆದ ಬಾಯಿ ಹಾಗೇ ಉಳಿಯಿತು. ಹುಲಗಪ್ಪ ಜನರನ್ನು ನೋಡಿದ, ಹಾರವನ್ನು ನೋಡಿದ, ನೆಲದ ಮೇಲಿನ ಬಿದಿರನ್ನು ನೋಡಿದ. ಕಡೆಗೆ ಮೆಟ್ಟಿಲ ಮೇಲೆ ಸುತ್ತಿಗೆ ಹಿಡಿದು ನಿಂತ ಮಗನನ್ನು ನೋಡಿದ.

"ಇದೇನೋ ಸಂಜುಕುಮಾರ?" ಎಂದು ಅಂಬ್ರಪ್ಪನೇ ಕೇಳಿದ. "ಯಾರ ಸಲುವಾಗಿ ತರ್ಸೀಯಪಾ?"

ಸಂಜುಕುಮಾರ ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿಕೊಂಡ. ಬಾರಿಗೆ ಅನ್ನಬೇಕಿತ್ತು. ಹೊಲಿಗೆ ಕೋಣೆಗೆ ಅನ್ನಬಹುದಿತ್ತು, ಆದರೆ ಹಸಿ ಬಿದಿರಿನಿಂದ ಯಾವ ಕುಪ್ಪಸ ಹೊಲಿಯುತ್ತಾರೆ? ಬಸ್ಸು ಎಲ್ಲಿಯೂ ಇರಲಿಲ್ಲ, ಉತ್ತರ ಹೊಳೆಯಲಿಲ್ಲ. ಅಪ್ಪ ಇನ್ನೂ ಬದುಕಿರುವಾಗಲೇ ಚಟ್ಟ ತರಿಸಿದ ಮಗ ಎಂಬ ಹೆಸರು ಬೀದಿಯ ಬಾಯಿಗೆ ಬರುವುದಷ್ಟೇ ಬಾಕಿಯಿತ್ತು.

"ನಾ ತರ್ಸೀನಿ" ಎಂದ ಹುಲಗಪ್ಪ.

ಎಲ್ಲರೂ ಅವನತ್ತ ತಿರುಗಿದರು.

"ನಂದss ಕೆಲಸ ಇದು. ಕಣ್ಣು ನಿಚ್ಚಳ ಇದ್ದಾಗ ತಂದಿಡು, ಆಮ್ಯಾಲ ಯಾರೂ ಓಡ್ಯಾಡೂದು ಬ್ಯಾಡ ಅಂತ ನಾನss ಹೇಳ್ದೆ. ಅವ ಒಲ್ಲೆ ಒಲ್ಲೆ ಅಂದ. ನಾ ಹಟಾ ಹಿಡದು ಕಳಿಸೀನಿ. ಅವನ್ನ ಏನ್ ಕೇಳ್ತೀರಿ?"

ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಕುರಿ ಕಾಯುವಾಗ ಹೊಲದವರು ಬೈದುಕೊಂಡು ಬಂದರೆ ಅದೇ ದನಿಯಲ್ಲಿ, 'ನಮ್ಮ ಕುರಿ ಅಲ್ಲ' ಅನ್ನುತ್ತಿದ್ದ. ಜನ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ತಲೆದೂಗತೊಡಗಿದರು. ಇಂಥ ಗಟ್ಟಿ ಮನಸ್ಸು ಈಗಿನವರಿಗೆ ಎಲ್ಲಿ ಬರಬೇಕು ಅಂದರು. ಮಗನೂ ಪುಣ್ಯವಂತ, ತಂದೆಯ ಮಾತು ಮೀರಲಿಲ್ಲ ಅಂದರು. ಈಗಷ್ಟೇ ಹೆಣ ಇಟ್ಟುಕೊಂಡು ಮೊಳೆ ಬಡಿಯುವವನಾಗಿದ್ದ ಸಂಜುಕುಮಾರ ಎರಡು ಮಾತಿನಲ್ಲಿ ಶ್ರವಣಕುಮಾರನಾದ. ಅಂಬ್ರಪ್ಪ ಹಾರವನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬೈಕಿನ ಹ್ಯಾಂಡಲಿಗೇ ನೇತುಹಾಕಿದ. ಜಹೀರುನ್ನೀಸಾ ಕಣ್ಣು ಒರೆಸಿಕೊಂಡು, ಮಾಳಿಗೆಯ ಮೇಲಿನ ಬಣ್ಣದ ಬಲ್ಬುಗಳನ್ನು ನೋಡಿ ಕೇಳಿದಳು.

"ಮ್ಯಾಲ ಏನ್ ಕಟ್ಸೀರಿ ಕಾಕಾ? ಭಾಳ ಚಂದ ಕಾಣ್ತದ."

"ಹೊಲಿಗಿ ಕೋಣಿ" ಎಂದ ಹುಲಗಪ್ಪ. "ಸೊಸಿ ಕಲಿಯಾಕತ್ಯಾಳ."

ಆ ಮಾತು ಅಪ್ಪನ ಬಾಯಿಂದ ಬಂದ ರೀತಿಗೆ ಸಂಜುಕುಮಾರ ತಟ್ಟನೆ ತಿರುಗಿ ಅವನ ಮುಖ ನೋಡಿದ. ನಿಜವೆಂದು ನಂಬಿದ್ದರೆ ಅಪ್ಪ ಹೀಗೆ ಹೇಳುತ್ತಿರಲಿಲ್ಲ. ಇದು ಗೊತ್ತಿದ್ದು ಹೇಳಿದ್ದು.

ಜನ ಕರಗಿದರು. ಟಂಟಂ ಹೋಯಿತು, ಈ ಸಲ ಹಾಡು ಹಚ್ಚಿಕೊಂಡು. ಸುಕನ್ಯಾ ಮಿಕ್ಸರ್ ನಿಲ್ಲಿಸಿ ಸೆರಗಿಗೆ ಕೈ ಒರೆಸುತ್ತ ಬಂದವಳು ಬಿದಿರು ನೋಡಿ, ಗಂಡನನ್ನು ನೋಡಿ, "ಹಸೀವು ತಂದೀರಿ? ಒಣಗಿದ್ದು ಸಿಗಲಿಲ್ಲೇನ್ರಿ?" ಅಂದಳು. ಜೋಡಿ ಹಸಿ ಬಿದಿರು ಚಟ್ಟಕ್ಕೆ ಎಂಬ ಇಷ್ಟು ಸಣ್ಣ ವಿಷಯ ಅವಳಿಗೆ ಗೊತ್ತಿತ್ತು, ಹಣಮಂತಮ್ಮನಿಗೆ ಗೊತ್ತಿತ್ತು, ಗಾಡಿಯವನಿಗೂ ಗೊತ್ತಿತ್ತು. ಸಂಜುಕುಮಾರನಿಗೂ ಒಂದು ಕಾಲಕ್ಕೆ ಗೊತ್ತಿದ್ದದ್ದೇ. ಮರೆಯುವುದಕ್ಕೆ ಬಹಳ ಕಷ್ಟಪಟ್ಟಿದ್ದ. ಮಾಳಿಂಗರಾಯನಿಗೆ ಮಾಳಿಂಗ ಮರೆತಂತೆ ಅವನಿಗೂ ಏನೇನೋ ಮರೆಯಬೇಕಿತ್ತು, ಮರೆತದ್ದರಲ್ಲಿ ಇದೂ ಹೋಗಿತ್ತು.

"ಯಪ್ಪಾ" ಎಂದ. ತಪ್ಪಾಯಿತು ಅನ್ನಬೇಕಿತ್ತು, ಆದರೆ ಯಾವ ತಪ್ಪು? ಬಿದಿರಿನದೋ, ಬಾರಿನದೋ, ಸುಳ್ಳಿನದೋ, ಮಾಳಿಗೆಯ ಮೇಲೆ ಸುದ್ದಿ ಕೇಳಿ ಮೊದಲು ಫೋನಿನ ವಿಚಾರ ಮಾಡಿದ್ದೋ? ಕಡೆಯದನ್ನು ಹೇಳಿದರೆ ಮಾತ್ರ ಹೇಳಿದಂತೆ, ಅದನ್ನು ಹೇಳುವ ನಾಲಿಗೆ ಅವನಲ್ಲಿರಲಿಲ್ಲ.

"ನೀ ಸುರಪುರಕ್ಕ ಹೋದಾಗ ನಾ ಮ್ಯಾಲ ಹೋಗಿದ್ದೆ" ಎಂದ ಹುಲಗಪ್ಪ, ಸಿಟ್ಟಿಲ್ಲದೆ. "ಕುಂತು ಕುಂತು ಹತ್ತಿದೆ. ಗಾಳಿ ಚಲೋ ಬರ್ತದ ಅಲ್ಲಿ. ಮೂಲ್ಯಾಗ ಡಬ್ಬಿ ಇತ್ತು, ಅದರಾಗ ಶೀಸೆ ಇದ್ವು. ಹೊಲಿಗಿ ಎಣ್ಣಿ ಇರಬೇಕಂತ ಮಾಡಿದೆ."

ಸುಕನ್ಯಾ ತಲೆ ತಗ್ಗಿಸಿದಳು. ಈ ಸಲ ಅವಳು ಸ್ವಲ್ಪವೂ ನಗಲಿಲ್ಲ.

ಹುಲಗಪ್ಪ ಅಂಗಳಕ್ಕೆ ಇಳಿದ. ಒಂದು ಗಳವನ್ನು ಕಾಲಿನಿಂದ ಉರುಳಿಸಿ ನೆಟ್ಟಗೆ ಮಾಡಿದ, ಬಗ್ಗಿ ಅದರ ಗೆಣ್ಣುಗಳ ಮೇಲೆ ಕೈಯಾಡಿಸಿದ. ಬಿದಿರು ಒಳ್ಳೆಯದಿತ್ತು, ಅವನ ಮುಖದಲ್ಲಿ ಒಂದು ಗಳಿಗೆ ಸಂತೆಯಲ್ಲಿ ಟಗರು ನೋಡುವಾಗಿನ ಕಳೆ ಬಂತು. ಆಮೇಲೆ ಒಂದು ಕೈಯೂರಿ, ಮೊಣಕಾಲು ಸಾವರಿಸಿಕೊಂಡು, ಆ ಗಳದ ಪಕ್ಕಕ್ಕೆ ಬರೀ ನೆಲದ ಮೇಲೆ ಅಂಗಾತ ಮಲಗಿದ. ಧೋತರ ಸರಿಮಾಡಿಕೊಂಡ, ಕಾಲು ಜೋಡಿಸಿದ.

"ಮಾವ, ಏಳ್ರಿ. ಬಿಸಲಾಗ ಏನಿದು, ನಿಮ್ಮ ಕಾಲು ಬೀಳ್ತೀನ್ರಿ" ಎಂದು ಸುಕನ್ಯಾ ಅಳುದನಿಯಲ್ಲಿ ಅಂದಳು.

"ತಡಿ ಯವ್ವಾ. ಊರ ಮಂದಿ ಮುಂದ ಹೇಳೀನಿ, ಸುಳ್ಳಾಗಬಾರದು." ಕಣ್ಣಿಗೆ ಬಿಸಿಲು ಬಡಿಯದಂತೆ ಅಂಗೈ ಅಡ್ಡ ಹಿಡಿದು ಅವನು ಮಗನನ್ನು ಕರೆದ. "ಸಂಜ್ಯಾ, ಬಾ ಇಲ್ಲಿ. ಅಳತಿ ತಗೋ."

ಸಂಜುಕುಮಾರ ಬಂದ. ಬರದಿರಲು ಕಾಲಿಗೆ ತಿಳಿಯಲಿಲ್ಲ. ಮಂಡಿಯೂರಿ ಕೂತ. ಅಪ್ಪನ ತಲೆಯ ಹತ್ತಿರ ಬಿದಿರಿನ ಬುಡ ಸರಿಯಾಗಿ ಹೊಂದಿತ್ತು. ಹಿಮ್ಮಡಿಯ ಹತ್ತಿರ ಬಂದಾಗ ಬಿದಿರು ಇನ್ನೂ ಬಹಳ ಉದ್ದಕ್ಕೆ ಉಳಿದಿತ್ತು. ಅಪ್ಪ ಇಷ್ಟು ಸಣ್ಣವನೇ ಎಂದು ಅವನಿಗೆ ಅಚ್ಚರಿಯಾಯಿತು. ಕಿವಿಯ ಮೇಲಿಂದ ಪೆನ್ಸಿಲ್ ತೆಗೆದ. ಹಸಿ ಬಿದಿರಿನ ನುಣುಪಿಗೆ ಪೆನ್ಸಿಲ್ ಹತ್ತಲಿಲ್ಲ, ಮತ್ತೆ ಮತ್ತೆ ತಿಕ್ಕಿದ. ಅವನ ಕಣ್ಣಿನ ನೀರು ಅಪ್ಪನ ಬಿರಿದ ಹಿಮ್ಮಡಿಯ ಮೇಲೆ ಬಿತ್ತು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು, ಈ ಹೊತ್ತಿಗೆ ರಾಯ್ ಸಾಹೇಬನದೇ ಇರಬೇಕು. ಅವನು ಎತ್ತಲಿಲ್ಲ, ಬಂದ್ ಮಾಡಲೂ ಇಲ್ಲ. ಬಡಿದುಕೊಂಡು ಬಡಿದುಕೊಂಡು ಅದೇ ಸುಮ್ಮನಾಯಿತು. ಕಡೆಗೂ ಬಿದಿರಿನ ಮೇಲೆ ಒಂದು ಗೀಟು ಮೂಡಿತು.

ಹುಲಗಪ್ಪ ತಾನೇ ಎದ್ದು ಕೂತ, ಬೆನ್ನಿನ ಮಣ್ಣು ಕೊಡವಿಕೊಂಡ. ಗೀಟು ಎಲ್ಲಿ ಬಿದ್ದಿದೆಯೆಂದು ಬಗ್ಗಿ ನೋಡಿ, ಸರಿ ಎಂಬಂತೆ ತಲೆಯಾಡಿಸಿದ.

"ಉದ್ದ ಆತು" ಎಂದ. "ಇಲ್ಲಿಗೆ ಕಡಿ. ನನ್ನ ಪಾಲಿಂದು ಕೊಂಕಲ್‌ಗೆ ಕಳಸು, ನಾ ಇವತ್ತss ಹೊಂಟೀನಿ. ಉಳಿದದ್ರಾಗ ನಿನ್ನ ಬಾರ್ ಮಾಡ್ಕೋ."